ಅರ್ಕಾವತ್ತು

ದುರ್ಗದ ಕೋರ್ಟಿನ ಎದುರು, ಬೇವಿನ ಕೆಳಗೆ
ಒಂದು ಟೇಬಲ್ಲು, ಒಂದು ಕಂಪ್ಯೂಟರು,
ಕರೆಂಟು ಹೋದರೆ ಹತ್ತೇ ನಿಮಿಷ ಉಸಿರಾಡುವ ಯುಪಿಎಸ್ಸು.
ಪುಟಕ್ಕೆ ಮೂವತ್ತು. ತಪ್ಪು ತಿದ್ದುವುದು ಪುಕ್ಕಟೆ.

ಇಪ್ಪತ್ತೆರಡು ವರ್ಷದಿಂದ ಇನ್ನೊಬ್ಬರ 'ನಾನು' ಬರೆಯುತ್ತಿದ್ದೇನೆ.
ನಾನು, ಇಂಥವರ ಮಗ, ಇಂಥ ಊರಿನ ವಾಸಿ,
ಪ್ರಮಾಣ ಮಾಡಿ ಹೇಳುವುದೇನೆಂದರೆ.
ಹೇಳುವುದೇನೆಂದು ಎಷ್ಟೋ ಸಲ ನಾನೇ ಹೇಳಿಕೊಡುತ್ತೇನೆ.

ಇವತ್ತು ಮೊದಲು ಬಂದವನು ಕಾಟಯ್ಯ, ಜೋಗಿಮಟ್ಟಿ ಬುಡದವನು.
ಅಪ್ಪ ಸತ್ತ, ಬಂದೂಕು ಉಳಿಯಿತು.
ಒಂಟಿ ನಳಿಗೆ, ಬೆಳೆ ರಕ್ಷಣೆಯ ಲೈಸೆನ್ಸು.
ಎಲೆಕ್ಷನ್ನಿಗೆಂದು ಠಾಣೆಗೆ ಒಪ್ಪಿಸಿದ್ದು ಅಲ್ಲೇ ಇದೆ
ಕುದುರೆಗೆ ಚೀಟಿ ಕಟ್ಟಿಸಿಕೊಂಡು.
"ನನ್ನ ಹೆಸರಿಗೆ ಮಾಡಿಕೊಡಿ ಅಂತ ಬರೀರಿ ಅಕ್ಕ."

ನಾನು ಬಂದೂಕು ಕಂಡರಾಗದವಳು.
ದೀಪಾವಳಿಗೆ ತಂಗಿಯ ಮಕ್ಕಳು ಆಟದ ಪಿಸ್ತೂಲಿಗೆ ಕೇಪು ತುಂಬಿದರೂ
ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.
ಆದರೂ ಹೊಡೆದೆ: ಸದರಿ ಆಯುಧವನ್ನು
ಅರ್ಜಿದಾರನು ಕಾನೂನಿನಂತೆಯೇ ಬಳಸುವನು.
ಬಳಸುವನೋ ಇಲ್ಲವೋ, ನನಗೇನು ಗೊತ್ತು.

ಅವನು ಚಿಲ್ಲರೆ ಹುಡುಕುವಷ್ಟರಲ್ಲಿ ಅವಳು ಬಂದಳು,
ಹೊಳಲ್ಕೆರೆ ಬಸ್ಸಿಳಿದು, ಲಲಿತಾಬಾಯಿ, ತಾಂಡಾದವಳು.
ಬೆವರಿಗೆ ಮೆತ್ತಗಾದ ಸ್ಕ್ಯಾನಿಂಗ್ ಕಾಗದ.
ಒಂಬತ್ತು ವಾರ. ಎರಡು ಸಲ ಹೊಟ್ಟೆ ಕೊಯ್ದಿದೆ.
ಗಂಡ ಮಂಡ್ಯದ ಕಡೆ ಕಬ್ಬು ಕಡಿಯುತ್ತಾನೆ,
ಆಸ್ಪತ್ರೆಯಲ್ಲಿ ಅವನ ಸಹಿ ತಾ ಅಂತಾರೆ.
ಬೇಕಿಲ್ಲ, ನಿನ್ನದೊಂದೇ ಸಾಕು ಅಂದರಂತೆ ವಕೀಲಮ್ಮ,
ಹಾಗಂತ ಕಾಯ್ದೆಯಲ್ಲಿದೆಯಂತೆ, ಅದನ್ನು ಬರೆಯಬೇಕಂತೆ.

ಕಾಟಯ್ಯ ಈ ಕಡೆ ತಿರುಗಿದ.
"ಹೊಟ್ಟೇಲಿರೋದನ್ನ ತೆಗೆಸೋದು ಪಾಪ ಕಣಮ್ಮ."
ಅವಳು ಅವನ ಕೈಯ ಕಾಗದ ನೋಡಿದಳು.
"ನಿನ್ನ ಬಂದೂಕು ಯಾರಿಗಣ್ಣ?"
"ಹಂದಿಗೆ. ಕರಡಿಗೆ."
"ಕರಡಿ ಬಸುರಿದ್ರೆ?"
"ನಾವು ಗಾಳಿಗೆ ಹೊಡೀತೀವಿ ಅಷ್ಟೇ" ಎಂದ
ಅದನ್ನೂ ಗಾಳಿಗೇ ಹೇಳಿದಂತೆ.

ಕರಡಿಗೆ ಎಂದಾಗ ನನ್ನ ಕೈ ಎದೆಗೆ ಹೋಯಿತು.
ನನ್ನದು ಅಲ್ಲಿದೆ, ಬೆಳ್ಳಿಯದು, ಅಜ್ಜಿ ಕಟ್ಟಿದ್ದು.
ಒಳಗೆ ಲಿಂಗ. ಲಿಂಗಕ್ಕೆ ಒರಗಿ, ಮನೆಯವರಿಗೂ ಹೇಳದ ಒಂದೆಳೆ ದಾರ,
ಕೋಟೆಯ ಅಮ್ಮನಿಗೆ ಹರಕೆ ಹೊತ್ತ ವರ್ಷದ್ದು.
ಹನ್ನೊಂದು ವಾರ ಇದ್ದು ಹೋದದ್ದಕ್ಕೆ
ಹೆಸರಿಟ್ಟಿದ್ದೆ ನಾನು.

ಕೇಳಿದ್ದರೆ ಹೇಳುತ್ತಿದ್ದೆ, ಬೇಡ ತಾಯಿ ಅಂತ.
ಅವಳು ಕೇಳಿದ್ದು, ಪುಟಕ್ಕೆ ಎಷ್ಟು.

ಗರ್ಭ ಎಂದು ಹೊಡೆಯುವಾಗ
ಗ ಮೊದಲು, ಆಮೇಲೆ ಭ, ಕೊನೆಗೆ ಅರ್ಕಾವತ್ತು.
ನಾಲಗೆಗೆ ಮುಂಚೆ ಬಂದದ್ದು
ಕಾಗದದಲ್ಲಿ ಹಿಂದೆ ನಿಲ್ಲುತ್ತದೆ, ಬಾಗಿಲಾಚೆ ನಿಂತ ಹಾಗೆ.
ಅರ್ಜಿಗೂ ಹೀಗೇ. ಧರ್ಮಕ್ಕೂ. ನಮ್ಮ ದುರ್ಗಕ್ಕೂ.
ಕಾನೂನಿಗೆ ಮಾತ್ರ ಅದರ ಹಂಗಿಲ್ಲ,
ಸಲೀಸಾಗಿ ಬೀಳುತ್ತದೆ, ನಿದ್ದೆಗಣ್ಣಲ್ಲೂ ಹೊಡೆಯಬಹುದು.

'ನಾನು ನನ್ನ ಸ್ವಂತ ಇಚ್ಛೆಯಿಂದ' ಎನ್ನುವಲ್ಲಿಗೆ
ಕರೆಂಟು ಹೋಯಿತು.
ಯುಪಿಎಸ್ಸು ಕೂಗತೊಡಗಿತು.
ಸೇವ್ ಮಾಡಿರಲಿಲ್ಲ.

ಏನೂ ಮಾಡಬೇಕಿರಲಿಲ್ಲ ನಾನು.
ಕೈ ಮಡಿಲಲ್ಲಿಟ್ಟುಕೊಂಡು ಕೂತರೆ ಸಾಕಿತ್ತು,
ಹತ್ತು ನಿಮಿಷ.
ಒಂದು ಗಂಟೆಗೆ ಆಸ್ಪತ್ರೆಯ ಚೀಟಿ ಕಿಟಕಿ ಮುಚ್ಚುತ್ತದೆ,
ನನ್ನ ಮೇಲೆ ಯಾವ ಕಾಯ್ದೆಯೂ ಇಲ್ಲ.
ಕೂತೆ.
ನಾಲ್ಕು ಕೂಗು, ಐದು.
ಲಲಿತಾಬಾಯಿ ಪರದೆಯನ್ನು ನೋಡುತ್ತಿದ್ದಳು, ನನ್ನನ್ನಲ್ಲ.

"ಉಳಿಸ್ಕೊಳ್ಳಿ ಅಕ್ಕ" ಅಂದವನು ಕಾಟಯ್ಯ,
"ಹೋಗಿಬಿಡ್ತದೆ."
ಏನು ಉಳಿಸಲಿ ಅಂತ ಒಂದು ಗಳಿಗೆ ತಿಳಿಯಲಿಲ್ಲ.
ಆಮೇಲೆ ಒತ್ತಿದೆ.

ಪೆನ್‌ಡ್ರೈವು ಹಿಡಿದು ಅವನೇ ಓಡಿದ
ಜನರೇಟರಿರುವ ಜೆರಾಕ್ಸ್ ಅಂಗಡಿಗೆ.
ಅವಳು ನಿಂತೇ ಸಹಿ ಹಾಕಿದಳು, ಐದನೇ ಕ್ಲಾಸಿನ ದುಂಡು ಅಕ್ಷರ.

ಮೂವತ್ತು ರೂಪಾಯಿ ಎಣಿಸಿ ತೆಗೆದುಕೊಂಡೆ.
ಬಿಡಬಹುದಿತ್ತು.
ಬಿಟ್ಟಿದ್ದರೆ ಅದು ನನ್ನ ಪತ್ರವಾಗುತ್ತಿತ್ತು.